ಮಕ್ಕಳ ಪುಸ್ತಕ, ಹಿರಿಯರ ಪಾಠ
(ಅಡ್ಡಗದ್ದೆಯಲ್ಲಿ ನಡೆದ ಅನುಭಾವ ಗೋಷ್ಠಿಯಲ್ಲಿ ಆಡಿದ ಮಾತು)



ನಾನು ಸರ್ಕಾರಿ ಇಂಜಿನಿಯರ್ ಆಗಿ ನಿವೃತ್ತನಾದವನು. ಅಳತೆ, ಅಂದಾಜುಪಟ್ಟಿ, ಬಿಲ್ಲುಗಳಲ್ಲೇ ಆಯಸ್ಸು ಕಳೆದವನು. ಮಗ ಕಥೆಪುಸ್ತಕ ಹಿಡಿದರೆ “ಮೊದಲು ಲೆಕ್ಕ ಮಾಡು” ಎಂದು ಗದರಿದವನು. ಈಗ ಮೊಮ್ಮಗಳಿಗೆ ಓದಿ ಹೇಳುತ್ತಾ ನಾನೇ ಕಲಿಯುತ್ತಿದ್ದೇನೆ.

ಪಕ್ಕದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ನಿಮಗೆ ಗೊತ್ತೇ ಇದೆ. ಇಂಗ್ಲಿಷ್ ಕವಿ ಬ್ರೌನಿಂಗ್ ಹಾಡಿದ ಜರ್ಮನಿಯ ಹ್ಯಾಮೆಲಿನ್ ಊರಿನ ಕಥೆಯನ್ನು ಅವರು ನಮ್ಮ ತುಂಗೆಯ ದಡಕ್ಕೇ ತಂದರು. ಇಲಿಗಳ ಕಾಟ ತಪ್ಪಿಸಿದರೆ ಹಣ ಕೊಡುತ್ತೇನೆಂದ ಗೌಡ, ಕೆಲಸ ಮುಗಿದ ಮೇಲೆ ಮಾತಿಗೆ ತಪ್ಪುತ್ತಾನೆ. ಜೋಗಿ ಕಿಂದರಿ ಬಾರಿಸುತ್ತಾ ಊರ ಮಕ್ಕಳನ್ನು ಕರೆದೊಯ್ಯುತ್ತಾನೆ.

ಮೊಮ್ಮಗಳು ಕೇಳಿದಳು: “ಅಜ್ಜ, ಸುಳ್ಳು ಹೇಳಿದ್ದು ಗೌಡ್ರು. ಮಕ್ಕಳಿಗ್ಯಾಕೆ ಶಿಕ್ಷೆ?”

ನನಗೆ ಉತ್ತರ ಹೊಳೆಯಲಿಲ್ಲ. ಹಳೆಯದೊಂದು ಕಾಲುವೆ ಕೆಲಸ ನೆನಪಾಯಿತು. ವಾರದೊಳಗೆ ಕೂಲಿ ಕೊಡಿಸುತ್ತೇನೆಂದು ಆಳುಗಳಿಗೆ ಮಾತು ಕೊಟ್ಟಿದ್ದೆ. ಬಿಲ್ಲು ಪಾಸಾಗಲು ಮೂರು ತಿಂಗಳಾಯಿತು. “ನಿಯಮ ಹಾಗಿದೆ” ಎಂದು ಸುಮ್ಮನಾದೆ. ಅವರ ಮಕ್ಕಳು ಆ ಮೂರು ತಿಂಗಳು ಏನು ಉಂಡರೆಂದು ಒಮ್ಮೆಯೂ ಕೇಳಲಿಲ್ಲ. ಹಿರಿಯರ ನುಡಿ ಕೆಟ್ಟರೆ ಸಾಲ ತೀರಿಸುವವರು ಮಕ್ಕಳೇ. ಕಾಯಕ, ನುಡಿ-ನಡೆ ಎಂದು ವೇದಿಕೆಯಲ್ಲಿ ಎಷ್ಟೋ ಸಲ ಮಾತಾಡಿದ್ದೇನೆ. ಅದು ನನಗೆ ನಾಟಿದ್ದು ಮಗುವಿನ ಪ್ರಶ್ನೆಯಿಂದ.

ಇನ್ನೆರಡು ಪುಸ್ತಕ ಹೇಳುತ್ತೇನೆ. ಸಾಗರದ ನಾ. ಡಿಸೋಜ ಅವರು ಶರಾವತಿ ಯೋಜನೆಯಲ್ಲಿ ನೌಕರರಾಗಿದ್ದು ಮುಳುಗಡೆಯನ್ನು ಕಣ್ಣಾರೆ ಕಂಡವರು. ಅವರ ಮಕ್ಕಳ ಕಾದಂಬರಿ ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಪಡೆಯಿತು. ಅಣೆಕಟ್ಟನ್ನು ನಕ್ಷೆಯಲ್ಲಿ ಮಾತ್ರ ನೋಡುವ ನನ್ನಂಥವರು ಮೊದಲು ಓದಬೇಕು. ಇನ್ನೊಂದು, 1980ರಲ್ಲಿ ಬಂದ ತೇಜಸ್ವಿಯವರ ‘ಕರ್ವಾಲೊ’. ಮಕ್ಕಳಿಗೆಂದೇ ಬರೆದದ್ದಲ್ಲ, ಆದರೂ ಹೈಸ್ಕೂಲು ಹುಡುಗರು ಹಾರುವ ಓತಿಯ ಹಿಂದೆ ಕಾಡು ಅಲೆಯುತ್ತಾರೆ. ಕೊನೆಗೆ ಓತಿ ಕೈಗೆ ಸಿಗದೆ ಹಾರಿಹೋದಾಗ ವಿದ್ಯೆಯ ಗರ್ವವೂ ಇಳಿಯುತ್ತದೆ.

ನಮ್ಮ ಬೆಡಗಿನ ವಚನಗಳನ್ನು ಬಲ್ಲ ನಿಮಗೆ ಕಲ್ಪನೆ ಹೊಸದಲ್ಲ. ಒಂದೇ ವಿನಂತಿ: ಪುಸ್ತಕವನ್ನು ಮಗುವಿನ ಕೈಗಿಟ್ಟು ಎದ್ದು ಹೋಗಬೇಡಿ. ಪಕ್ಕದಲ್ಲಿ ಕುಳಿತು ಓದಿ. ಮಗು ಪ್ರಶ್ನೆ ಕೇಳಿದರೆ ಗದರಬೇಡಿ. ಅದು ನಿಮಗೇ ಬೇಕಾಗಿದ್ದ ಪ್ರಶ್ನೆ ಇರಬಹುದು.