ತರಕಾರಿ ಹೆಸರಿನಲ್ಲಿ ಸರಕಿನ ದರ

2002ರಲ್ಲಿ ಬ್ರಿಟನ್ನಿನ ಕೆಲವು ಫಾರ್ವರ್ಡಿಂಗ್ ಕಂಪನಿಗಳವರು ‘ಗಾರ್ಡನಿಂಗ್ ಕ್ಲಬ್’ ಎಂಬ ಕೂಟ ಕಟ್ಟಿಕೊಂಡಿದ್ದರು. ಅವರ ಮಾತೆಲ್ಲ ಆಸ್ಪರಾಗಸ್, ಎಳೆ ಜುಕಿನಿಗಳದ್ದು. ಆದರೆ ತೋಟದ ಗೊಡವೆ ಯಾರಿಗೂ ಇರಲಿಲ್ಲ. ರಫ್ತು ಸರಕಿನ ವಿವರವನ್ನು ಕಸ್ಟಮ್ಸ್‌ಗೆ ಕಂಪ್ಯೂಟರಿನಲ್ಲೇ ಸಲ್ಲಿಸುವ ಹೊಸ ವ್ಯವಸ್ಥೆ ಆಗ ಬಂದಿತ್ತು. ಆ ನೆಪದಲ್ಲಿ ಗಿರಾಕಿಗಳಿಂದ ಎಷ್ಟು ಹೆಚ್ಚುವರಿ ಶುಲ್ಕ ಕೀಳಬೇಕೆಂದು ಎಲ್ಲರೂ ಸೇರಿ ಗೊತ್ತುಮಾಡುವುದಕ್ಕೆ ಈ ತರಕಾರಿಗಳ ಮರೆ ಬೇಕಾಗಿತ್ತು.

ಫಾರ್ವರ್ಡರ್ ಸಾಮಾನ್ಯವಾಗಿ ಹಡಗು, ವಿಮಾನಗಳ ಒಡೆಯನಲ್ಲ. ಅವುಗಳಲ್ಲಿ ಜಾಗವನ್ನು ಸಗಟಾಗಿ ಕೊಂಡು ಚಿಲ್ಲರೆಯಾಗಿ ಮಾರುವವನು. ಸಾಗಣೆ ದರವನ್ನು ಗಿರಾಕಿ ನಾಲ್ಕು ಕಡೆ ವಿಚಾರಿಸುತ್ತಾನೆ, ಹಾಗಾಗಿ ಅಲ್ಲಿ ಲಾಭ ತೆಳು. ಬಿಲ್ಲಿನ ಕೆಳಗಿನ ಸಣ್ಣಪುಟ್ಟ ಚಾರ್ಜುಗಳನ್ನು ಹಾಗೆ ತಾಳೆ ನೋಡುವವರು ಕಡಿಮೆ. ಒಳಒಪ್ಪಂದ ಬೇರುಬಿಟ್ಟದ್ದು ಅಲ್ಲೇ. ಚೀನಾದ ಯುವಾನ್ ಮೌಲ್ಯ ಏರಿತೆಂದು ಒಂದು ಶುಲ್ಕ, ಅಮೆರಿಕಕ್ಕೆ ಮುಂಗಡ ಮಾಹಿತಿ ಕೊಡುವುದಕ್ಕೆಂದು ಮತ್ತೊಂದು, ಕ್ರಿಸ್ಮಸ್‌ಗೆ ಮುಂಚಿನ ಸರಕಿನ ಭರಾಟೆಗೆಂದು ಇನ್ನೊಂದು.

2012ರ ಮಾರ್ಚ್ 28ರಂದು ಯುರೋಪಿಯನ್ ಕಮಿಷನ್ ಇಂಥ ನಾಲ್ಕು ಕೂಟಗಳಿಗಾಗಿ 14 ಕಂಪನಿ ಸಮೂಹಗಳ ಮೇಲೆ ಕ್ರಮ ಕೈಗೊಂಡಿತು. ದಂಡದ ಒಟ್ಟು ಮೊತ್ತ 16 ಕೋಟಿ 90 ಲಕ್ಷ ಯೂರೊ. ಅವುಗಳಲ್ಲಿ ಕೂನೆ ಪ್ಲಸ್ ನಾಗೆಲ್ ಎಂಬ ಕಂಪನಿಯೊಂದಕ್ಕೇ ಐದು ಕೋಟಿಗೂ ಮಿಕ್ಕಿ ಬಿತ್ತು. ಗುಟ್ಟನ್ನು ಮೊದಲು ಬಯಲು ಮಾಡಿದ ಡಿಎಚ್‌ಎಲ್ ಕಂಪನಿಯ ಒಡೆಯ ಡಾಯ್ಚ ಪೋಸ್ಟ್ ಮಾತ್ರ ದಂಡದಿಂದ ಪೂರ್ತಿ ಪಾರಾಯಿತು. ಜೊತೆಗಾರರನ್ನು ಹಿಡಿದುಕೊಟ್ಟವನಿಗೆ ಸಿಗುವ ಈ ಮಾಫಿಯೇ ಇಂಥ ಕೂಟಗಳನ್ನು ಒಡೆಯುವ ಹರಿತವಾದ ಅಸ್ತ್ರ.

ನಮ್ಮಲ್ಲಿ ಪೈಪೋಟಿಯ ಕಣ ಬೇರೆ ರೀತಿಯದು. ಗಿರಾಕಿಯ ಪರವಾಗಿ ಕಸ್ಟಮ್ಸ್ ಕೆಲಸ ಮುಗಿಸಿಕೊಡುವ, ಹಿಂದೆ ಸಿಎಚ್‌ಎ (ಕಸ್ಟಮ್ಸ್ ಹೌಸ್ ಏಜೆಂಟ್) ಎನಿಸಿಕೊಳ್ಳುತ್ತಿದ್ದ ಕಸ್ಟಮ್ಸ್ ಬ್ರೋಕರ್‌ಗೆ 1962ರ ಕಸ್ಟಮ್ಸ್ ಕಾಯಿದೆಯ 146ನೇ ಕಲಮಿನಡಿ ಲೈಸೆನ್ಸ್ ಬೇಕು, ಅದಕ್ಕೆ ಪರೀಕ್ಷೆ ಪಾಸಾಗಬೇಕು. ಗಿರಾಕಿ ಕಾನೂನು ಮೀರಿದರೆ ಅದನ್ನು ಅಧಿಕಾರಿಗಳ ಗಮನಕ್ಕೆ ತರುವುದೂ ಅವನ ಹೊಣೆ. ಹಣ ಕೊಡುವವನ ಮೇಲೇ ಕಣ್ಣಿಡಬೇಕಾದ ವ್ಯಾಪಾರ ಇದು!

ಬಂದರಿನ ಕಚೇರಿಯಲ್ಲಿ ಪರಿಚಯ ಇರುವುದೇ ಮೊದಲು ಈ ಬ್ರೋಕರ್‌ಗೆ ದೊಡ್ಡ ಬಂಡವಾಳವಾಗಿತ್ತು. 2020ರ ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈಗಳಲ್ಲಿ ಮುಖಾಮುಖಿಯಿಲ್ಲದ ಸುಂಕ ನಿರ್ಧಾರ ಶುರುವಾಯಿತು, ಮೊದಲಿಗೆ ಯಂತ್ರಗಳು ಮತ್ತು ವಿದ್ಯುತ್ ಸಾಮಗ್ರಿಗೆ. ಅದೇ ವರ್ಷದ ಅಕ್ಟೋಬರ್ ಕೊನೆಗೆ ದೇಶವಿಡೀ ಹರಡಿತು. ಬೆಂಗಳೂರಿನಲ್ಲಿ ಸಲ್ಲಿಸಿದ ಬಿಲ್ ಆಫ್ ಎಂಟ್ರಿಯನ್ನು, ಅಂದರೆ ಆಮದು ಸರಕಿನ ವಿವರಪತ್ರವನ್ನು, ಇನ್ನೆಲ್ಲೋ ಕೂತ ಅಧಿಕಾರಿ ನೋಡಬಹುದು. ಪೆಟ್ಟಿಗೆ ತೆರೆದು ನೋಡುವವರು ಇಂದಿಗೂ ಸ್ಥಳೀಯ ಅಧಿಕಾರಿಗಳೇ. ಆದರೂ ಪರಿಚಯದ ಬೆಲೆ ತಗ್ಗಿ, ಸರಕನ್ನು ಸರಿಯಾದ ಸುಂಕದ ಶೀರ್ಷಿಕೆಯಡಿ ಕೂರಿಸುವ ಜಾಣ್ಮೆಯ ಬೆಲೆ ಏರಿತು. ಅಲ್ಲಿ ತಪ್ಪಿದರೆ ಪ್ರಶ್ನೆ ಬರುತ್ತದೆ, ದಿನ ಹೋಗುತ್ತದೆ, ಸರಕು ಬಿಡಿಸಿಕೊಳ್ಳಲು ತಡವಾದದ್ದಕ್ಕೆ ತೆರಬೇಕಾದ ಡೆಮರೇಜ್ ಬೆಳೆಯುತ್ತದೆ.

ಆದ್ದರಿಂದ ಹೊಸದಾಗಿ ಆಮದು, ರಫ್ತಿಗೆ ಇಳಿಯುವವರು ಏಜೆನ್ಸಿ ಚಾರ್ಜ್ ಎಷ್ಟೆಂದು ಕೇಳಿ ಸುಮ್ಮನಾಗಬಾರದು. ‘ಇತರೆ’ ಎಂಬ ಸಾಲಿನಲ್ಲಿ ಏನೇನು ಬರುತ್ತದೆ ಎಂಬುದನ್ನು ಬರಹದಲ್ಲೇ ಪಡೆದು, ಆಮೇಲೆ ಸರಕು ಒಪ್ಪಿಸಿ.