ಗಾಣದ ನಟ್ಟು ಏಕೆ ಸಡಿಲವಾಗುತ್ತದೆ?



ನೀವು ಮಂಡ್ಯ, ಹೊಳಲಿನ ಕಡೆಯವರಾದರೆ ಆಲೆಮನೆಯನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಕಬ್ಬಿನ ಗಾಣ ತಿರುಗುವಾಗ ದೂರ ನಿಂತವರ ಕಾಲಿಗೂ ನೆಲ ಅದುರುವುದು ತಿಳಿಯುತ್ತದೆ. ಆ ಅದುರಿಕೆಯೇ ನಟ್ಟಿನ ಶತ್ರು.

ನಟ್ಟನ್ನು ಬಿಗಿದಾಗ ಬೋಲ್ಟು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗಲು ಎಳೆಯುವುದರಿಂದಲೇ ಭಾಗಗಳು ಒತ್ತಿ ನಿಲ್ಲುತ್ತವೆ. ನಟ್ಟು ಹಿಂದಕ್ಕೆ ತಿರುಗದಂತೆ ತಡೆಯುವುದು ತಿರುಪಿನ ಎಳೆಗಳ ನಡುವಣ ಘರ್ಷಣೆ. ಭಾಗಗಳು ಅಡ್ಡಡ್ಡ ಅಲುಗಿದರೆ ಈ ಘರ್ಷಣೆ ಸೋಲುತ್ತದೆಂದು 1969ರಲ್ಲಿ ಜರ್ಮನಿಯ ಗೆರ್ಹಾರ್ಡ್ ಯುಂಕರ್ ತೋರಿಸಿಕೊಟ್ಟರು. ಸ್ಪ್ರಿಂಗ್ ವಾಷರ್ ಹಾಕಿದರೆ ಸಾಕೆಂದು ಎಷ್ಟೋ ಜನ ನಂಬಿದ್ದಾರೆ. ಇಂಥ ಅಲುಗಾಟಕ್ಕೆ ಅದು ಸಾಲದು.

ಹಾಗಾದರೆ ಏನು ಮಾಡಬೇಕು? ಅಲುಗದ ಜಾಗಕ್ಕೆ ಮಾಮೂಲಿ ಆರು ಮೂಲೆಯ ನಟ್ಟು ಸಾಕು. ಅಲುಗುವ ಕಡೆ ಎರಡು ನಟ್ಟುಗಳನ್ನು ಒಂದಕ್ಕೊಂದು ಎದುರಾಗಿ ಬಿಗಿಯುವುದುಂಟು. ತೆಳ್ಳನೆಯದು ಕೆಳಗೆ, ದಪ್ಪನೆಯದು ಮೇಲೆ ಇರಬೇಕು. ಬಹಳ ಕಡೆ ಇದು ತಿರುಗಾಮುರುಗಾ ಆಗಿರುತ್ತದೆ! ಎತ್ತಿನ ಗಾಡಿಯ ಚಕ್ರ ಕಳಚದಂತೆ ಹಾಕುವ ಕಡಾಣಿ ನಿಮಗೆ ಗೊತ್ತು. ಕ್ಯಾಸಲ್ ನಟ್ಟಿನದೂ ಅದೇ ಉಪಾಯ. ಅದರ ತಲೆಯಲ್ಲಿ ಕೋಟೆಯ ತೆನೆಗಳಂತೆ ಸೀಳುಗಳಿವೆ. ಆ ಸೀಳಿನಲ್ಲೂ ಬೋಲ್ಟಿನ ತೂತಿನಲ್ಲೂ ಒಂದು ಪಿನ್ನು ತೂರಿಸಿ ಕಾಲು ಮಡಿಸುತ್ತಾರೆ. ಬಿಗಿತ ಕಡಿಮೆಯಾದರೂ ನಟ್ಟು ಕಳಚಿ ಬೀಳದು.

ಒಳಗೆ ನೈಲಾನ್ ಉಂಗುರವಿರುವ ನಟ್ಟು ಬೋಲ್ಟನ್ನು ಅಪ್ಪಿ ಹಿಡಿಯುತ್ತದೆ. ಆದರೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದನ್ನು ನಂಬುವಂತಿಲ್ಲ. ಬೆಲ್ಲದ ಪಾಕ ಹದಕ್ಕೆ ಬರುವುದೇ 118 ಡಿಗ್ರಿಯ ಸುಮಾರಿನಲ್ಲಿ. ಕೊಪ್ಪರಿಗೆಯ ಕೆಳಗಿನ ಒಲೆಯ ಬಿಸಿ ಇನ್ನೆಷ್ಟಿರಬೇಕು! ಅಲ್ಲಿಗೆ ಪೂರ್ತಿ ಲೋಹದ ನಟ್ಟೇ ಆಗಬೇಕು.

ಕೈಬೆರಳಿನಿಂದ ತಿರುಗಿಸುವ ಚಿಟ್ಟೆ ನಟ್ಟು ಅನುಕೂಲವಾದದ್ದು, ಆದರೆ ಗಾಣದ ಹಲ್ಲುಚಕ್ರದ ಮುಚ್ಚಳಕ್ಕೆ ಬೇಡ. ಸುಲಭವಾಗಿ ಬಿಚ್ಚಬಹುದಾದದ್ದನ್ನು ಯಾರಾದರೂ ಬಿಚ್ಚಿಯೇ ಬಿಡುತ್ತಾರೆ. ಕಬ್ಬು ಕೊಡುವವನ ಕೈ ಅದರ ಪಕ್ಕದಲ್ಲೇ ಇರುತ್ತದೆ.

ಅಂಗಡಿಯಲ್ಲಿ ಬರೀ "ಹನ್ನೆರಡು ಎಂ.ಎಂ. ನಟ್ಟು ಕೊಡಿ" ಎಂದರೆ ಸಾಲದು. ಹನ್ನೆರಡು ಎಂ.ಎಂ. ಬೋಲ್ಟಿನ ಎಳೆಗಳ ಅಂತರ ಸಾಮಾನ್ಯವಾಗಿ 1.75 ಎಂ.ಎಂ.; ನಯ ಎಳೆಯದರಲ್ಲಿ 1.25 ಕೂಡ ಇದೆ. ಬೋಲ್ಟಿನ ತಲೆಯ ಮೇಲೆ 8.8 ಎಂದಿದ್ದರೆ ನಟ್ಟು 8ನೆಯ ದರ್ಜೆಗೆ ಕಡಿಮೆ ಇರಬಾರದು. ಹಳೆಯ ಬೋಲ್ಟನ್ನೇ ಜೊತೆಗೆ ಒಯ್ಯಿರಿ. ಸಾಧಾರಣ ನಟ್ಟು ಮೊದಲ ಎರಡು ಮೂರು ಸುತ್ತು ಬೆರಳಿನಲ್ಲೇ ಸಲೀಸಾಗಿ ಹೋಗದಿದ್ದರೆ ಸ್ಪ್ಯಾನರಿಗೆ ಕೈ ಹಾಕದೆ ಬೇರೆ ನಟ್ಟು ಕೇಳಿರಿ.