ಮದುವೆ ನಿಲ್ಲಿಸೋರಿಗೆ ಸಂಬಳ ಎಷ್ಟು?



ಇವತ್ತು ರಾಜಕೀಯ ಬೇಡ. ಅದು ನಾಳೆಯೂ ಇರುತ್ತೆ, ಎಲ್ಲಿಗೂ ಹೋಗಲ್ಲ. ಇವತ್ತು ಒಬ್ಬ ತಂದೆ ಕಳಿಸಿದ ಮೆಸೇಜಿಗೆ ಉತ್ತರ ಕೊಡಬೇಕು.

ದಾವಣಗೆರೆ ಕಡೆಯವರು. ಹೆಸರು ಹೇಳಲ್ಲ. ಅವರು ಬರೆದಿದ್ದು ಇಷ್ಟು: "ಸರ್, ನನ್ನ ಮಗಳ ಡಿಗ್ರಿ ಮುಗೀತು. ಎಂಎಸ್‌ಡಬ್ಲ್ಯೂ ಮಾಡ್ತೀನಿ, ಮಕ್ಕಳ ರಕ್ಷಣೆ ಕೆಲಸಕ್ಕೆ ಹೋಗ್ತೀನಿ ಅಂತ ಹಟ ಹಿಡಿದಿದಾಳೆ. ಅದೂ ಒಂದು ಕೆಲಸವಾ ಸರ್? ಅದರಲ್ಲಿ ಸಂಬಳ ಎಷ್ಟು? ನೀವು ಇಂಜಿನಿಯರಿಂಗ್ ಓದಿದೋರು, ಅವಳಿಗೆ ಸ್ವಲ್ಪ ಬುದ್ಧಿ ಹೇಳಿ."

ಯಜಮಾನರೇ, ಮೊದಲನೇ ಮಾತು. ಇಂಜಿನಿಯರಿಂಗ್ ಓದಿ ಟಿವಿಯಲ್ಲಿ ಕೂತು ಮಾತಾಡ್ತಿರೋ ನನ್ನ ಹತ್ರ ಬುದ್ಧಿ ಕೇಳಿದ್ದೀರಲ್ಲ, ನಮ್ಮಪ್ಪ ಕೇಳಿಸಿಕೊಂಡ್ರೆ ನಗ್ತಾರೆ. ಆದರೂ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಸಂಬಳದ ವಿಷಯ ಕೊನೆಗೆ ಹೇಳ್ತೀನಿ, ತಪ್ಪಿಸಿಕೊಳ್ಳಲ್ಲ. ಮೊದಲು ಈ ಕೆಲಸ ಅಂದ್ರೆ ಏನು ಅಂತ ನೋಡೋಣ.

ರಾತ್ರಿ ಹತ್ತು ಗಂಟೆ ಅಂದ್ಕೊಳ್ಳಿ. 1098ಕ್ಕೆ ಒಂದು ಕರೆ ಬರುತ್ತೆ. ಹತ್ತು, ಒಂಬತ್ತು, ಎಂಟು. ಮಕ್ಕಳ ಸಹಾಯವಾಣಿ. 1996ರಲ್ಲಿ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಜೆರೂ ಬಿಲ್ಲಿಮೋರಿಯಾ ಶುರು ಮಾಡಿದ್ದು. ಬೀದಿ ಮಕ್ಕಳಿಗೆ ಕಾಸಿಲ್ಲದೆ ಫೋನ್ ಮಾಡೋಕೆ ಒಂದು ನಂಬರ್ ಬೇಕು ಅನ್ನೋದಷ್ಟೇ ಅವತ್ತಿನ ಯೋಚನೆ. ಆಮೇಲೆ ಅದು ದೇಶಕ್ಕೆಲ್ಲ ಹಬ್ಬಿತು. 2023ರಿಂದ ಸರ್ಕಾರವೇ ಅದನ್ನ ಕೈಗೆ ತಗೊಂಡು 112ರ ಜೊತೆ ಜೋಡಿಸ್ತು.

ಕರೆ ಮಾಡಿದ ಧ್ವನಿ ಪಿಸುಗುಟ್ಟುತ್ತೆ. ನಮ್ಮ ಕ್ಲಾಸಿನ ಹುಡುಗಿಗೆ ನಾಳೆ ಬೆಳಿಗ್ಗೆ ಮದುವೆ. ಅವಳಿಗೆ ಹದಿನೈದು. ಇಂಥ ಊರು. ಫೋನ್ ಕಟ್.

ಈಗ ಓಡಬೇಕಾದವರು ಯಾರು? ಪೊಲೀಸರು ಅಂತೀರಿ. ಪೊಲೀಸರೂ ಬರ್ತಾರೆ. ಆದರೆ ಜೊತೆಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಮಾಜ ಕಾರ್ಯಕರ್ತೆಯೂ ಇರಬೇಕು. ಆಕೆಯ ಮೊದಲ ಕೆಲಸ ಮದುವೆ ಮನೆಯಲ್ಲಲ್ಲ, ದಾಖಲೆಯಲ್ಲಿ. ಹುಡುಗಿಗೆ ಹದಿನೈದು ಅನ್ನೋದಕ್ಕೆ ಪುರಾವೆ ಏನು? ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಮೊದಲು ಶಾಲೆಯ ಜನ್ಮದಿನಾಂಕದ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ. ಅದಿಲ್ಲದಿದ್ರೆ ಪಂಚಾಯಿತಿ, ಪುರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲ ಅಂದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ಮದುವೆ ಮನೆಯವರು ಥಟ್ಟನೆ ಆಧಾರ್ ಕಾರ್ಡ್ ಹಿಡೀತಾರೆ, "ನೋಡಿ ಮೇಡಂ, ಹದಿನೆಂಟು ತುಂಬಿದೆ" ಅಂತ. ಆಧಾರ್ ವಯಸ್ಸಿನ ಪುರಾವೆ ಅಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ಚಪ್ಪರದ ಕೆಳಗೆ, ನೂರು ಜನ ನೆಂಟರ ಮಧ್ಯೆ ನಿಂತು ಅದನ್ನ ಹೇಳೋರು ಯಾರು? ಆ ಹುಡುಗಿ. ನಿಮ್ಮ ಮಗಳಂಥ ಒಬ್ಬ ಹುಡುಗಿ.

ಬೈತಾರೆ. "ನಿಮಗೆ ಮಕ್ಕಳಿಲ್ವೇನಮ್ಮ?" ಅಂತಾರೆ. "ಅಡುಗೆಗೆ ಹಾಕಿದ ದುಡ್ಡು ಯಾರು ಕೊಡ್ತಾರೆ?" ಅಂತಾರೆ. ಹುಡುಗಿಯ ಅಜ್ಜಿ ಕಾಲಿಗೆ ಬೀಳೋಕೆ ಬರ್ತಾರೆ. ಬೈಗುಳಕ್ಕಿಂತ ಕಷ್ಟದ್ದು ಅದೇ. ಯಾಕಂದ್ರೆ ಎದುರಿಗಿರೋರು ರಾಕ್ಷಸರಲ್ಲ. ಸಾಲ ಇದೆ, ಮಳೆ ಕೈಕೊಟ್ಟಿದೆ, ದುಡಿಯೋಕೆ ಗುಳೆ ಹೋಗಬೇಕು, ವಯಸ್ಸಿಗೆ ಬಂದ ಮಗಳನ್ನ ಯಾರ ಮನೆಯಲ್ಲಿ ಬಿಟ್ಟು ಹೋಗೋದು ಅನ್ನೋ ಭಯ ಇದೆ. ಆ ಭಯಕ್ಕೆ ಉತ್ತರ ಕೊಡದೆ ಬರೀ ಸೆಕ್ಷನ್ ಓದಿ ಬಂದ್ರೆ, ಮುಂದಿನ ವಾರ ಇನ್ಯಾವುದೋ ದೇವಸ್ಥಾನದಲ್ಲಿ ಬೆಳಗಿನ ಜಾವ ತಾಳಿ ಬಿದ್ದಿರುತ್ತೆ.

ಕಾನೂನು ನಮ್ಮಲ್ಲಿ ಗಟ್ಟಿಯಾಗೇ ಇದೆ. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಆಮೇಲೆ ಕರ್ನಾಟಕ ಕೇಂದ್ರದ ಕಾಯ್ದೆಗೆ ತಿದ್ದುಪಡಿ ತಂದು, ಬಾಲ್ಯವಿವಾಹ ಆದರೂ ಅದು ಮದುವೆಯೇ ಅಲ್ಲ ಅಂತ ಮಾಡ್ತು. 2017ರಲ್ಲಿ ಸುಪ್ರೀಂ ಕೋರ್ಟ್, ಬೇರೆ ರಾಜ್ಯಗಳೂ ಕರ್ನಾಟಕದ ದಾರಿ ಹಿಡಿಯೋದು ಒಳ್ಳೇದು ಅಂತ ಮೆಚ್ಚಿ ಹೇಳ್ತು. ಹೆಮ್ಮೆಪಡೋಣ. ಆಮೇಲೆ ಈ ಅಂಕಿಯನ್ನೂ ನೋಡೋಣ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 21 ಜನರಿಗೆ ಹದಿನೆಂಟು ತುಂಬೋ ಮುಂಚೆಯೇ ಮದುವೆ ಆಗಿತ್ತು. ಐದು ಜನರಲ್ಲಿ ಒಬ್ಬಳು! ಅಂದ್ರೆ ಪುಸ್ತಕದಲ್ಲಿರೋ ಕಾನೂನನ್ನ ಆ ಚಪ್ಪರದ ತನಕ ಹೊತ್ಕೊಂಡು ಹೋಗೋಕೆ ಜನ ಸಾಲ್ತಿಲ್ಲ.

ಸರಿ, ಮದುವೆ ನಿಂತಿತು. ತಂದೆ ತಾಯಿ ಮುಚ್ಚಳಿಕೆ ಬರೆದುಕೊಟ್ರು. ನಮ್ಮ ಟಿವಿಯವರಿಗೆ ಸುದ್ದಿ ಅಲ್ಲಿಗೆ ಮುಗೀತು. ಆ ಕಾರ್ಯಕರ್ತೆಗೆ ಕೆಲಸ ಶುರುವಾಗೋದೇ ಅಲ್ಲಿಂದ.

ಹುಡುಗಿಯನ್ನ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಒಬ್ಬ ಅಧ್ಯಕ್ಷರು, ನಾಲ್ಕು ಜನ ಸದಸ್ಯರು ಇರೋ ಸಮಿತಿ ಅದು. ಮನೆಗೆ ವಾಪಸ್ ಕಳಿಸಬಹುದಾ, ಬಾಲಮಂದಿರದಲ್ಲಿ ಇರಿಸಬೇಕಾ ಅಂತ ಸಮಿತಿ ತೀರ್ಮಾನಿಸಬೇಕು ಅಂದ್ರೆ ಮನೆಯ ಸ್ಥಿತಿಗತಿಯ ವರದಿ ಬೇಕು. ಅದನ್ನ ಬರೆಯೋರು ಇವರೇ. ಹುಡುಗಿ ಮತ್ತೆ ಶಾಲೆಗೆ ಹೋಗ್ತಿದಾಳಾ? ಹಾಸ್ಟೆಲ್ ಸೀಟು ಸಿಗುತ್ತಾ? ಅಪ್ಪ ಇಲ್ಲದ ಮನೆ, ಕಾಯಿಲೆ ಬಿದ್ದ ಮನೆ ಆದ್ರೆ ಪ್ರಾಯೋಜಕತ್ವ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಕೊಡಿಸಬಹುದು. ಅದಕ್ಕೆ ಅರ್ಜಿ, ಬ್ಯಾಂಕ್ ಖಾತೆ, ಸಹಿ, ಮೊಹರು. ಮೂರು ತಿಂಗಳು ಬಿಟ್ಟು ಮತ್ತೆ ಆ ಮನೆ ಬಾಗಿಲಿಗೆ ಹೋಗಬೇಕು. ಅವತ್ತು ಬೈದವರೇ ಈಗ ಕಾಫಿ ಕೊಟ್ಟರೆ ಕೆಲಸ ಸರಿಯಾಗಿದೆ ಅಂತ ಅರ್ಥ.

ಇಲ್ಲಿ ನನ್ನದೊಂದು ತಪ್ಪು ಒಪ್ಕೋಬೇಕು.

ಏಳೆಂಟು ವರ್ಷದ ಹಿಂದೆ, ನಾನಾಗ ರಿಪೋರ್ಟರ್. ಒಂದು ಹಳ್ಳಿಯಲ್ಲಿ ಬಾಲ್ಯವಿವಾಹ ನಿಲ್ಲಿಸಿದ್ದಾರೆ ಅಂತ ಸುದ್ದಿ ಬಂತು. ಕ್ಯಾಮೆರಾ ಹಿಡ್ಕೊಂಡು ಓಡಿದ್ವಿ. ಮಗುವಿನ ಮುಖ ಬ್ಲರ್ ಮಾಡಿದ್ವಿ, ಹೆಸರು ಹೇಳಲಿಲ್ಲ. ನಿಯಮ ಪಾಲಿಸಿದ್ದೀವಿ ಅಂತ ಬೀಗಿದ್ವಿ. ಅವತ್ತು ರಾತ್ರಿ ಒಂದು ಫೋನ್ ಬಂತು. ಆ ಕೇಸ್ ನೋಡ್ತಿದ್ದ ಸಮಾಜ ಕಾರ್ಯಕರ್ತೆ. ಜಗಳ ಆಡಲಿಲ್ಲ. "ಸರ್, ಮುಖ ಬ್ಲರ್ ಮಾಡಿದ್ದೀರಿ. ಮನೆ ಬಾಗಿಲು ತೋರಿಸಿದ್ದೀರಿ, ಅವರಪ್ಪನ ಬೈಕ್ ತೋರಿಸಿದ್ದೀರಿ, ಊರ ಹೆಸರು ಹೇಳಿದ್ದೀರಿ. ನಾಳೆಯಿಂದ ಅವಳು ಶಾಲೆಗೆ ಹೇಗೆ ಹೋಗಬೇಕು?" ಅಂದ್ರು.

ನನ್ನ ಹತ್ರ ಉತ್ತರ ಇರಲಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ನು ಹೆಸರನ್ನಷ್ಟೇ ಅಲ್ಲ, ವಿಳಾಸ, ಶಾಲೆ, ಗುರುತು ಸಿಗೋ ಯಾವ ವಿವರವನ್ನೂ ತೋರಿಸಬಾರದು ಅನ್ನುತ್ತೆ. ತಪ್ಪಿದ್ರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅದು ನನಗೆ ಗೊತ್ತಿರಬೇಕಿತ್ತು. ಹುಡುಗಿ ಸುಮಾರು ದಿನ ಶಾಲೆಗೆ ಹೋಗಲಿಲ್ಲ. ಆ ಕಾರ್ಯಕರ್ತೆ ಮತ್ತೆ ಮತ್ತೆ ಆ ಊರಿಗೆ ಹೋಗಿ, ಬೇರೆ ಊರಿನ ಹಾಸ್ಟೆಲಿನಲ್ಲಿ ಸೀಟು ಕೊಡಿಸಿ ಓದು ಮುಂದುವರಿಸಿದ್ರು. ನಾನು ಎರಡು ನಿಮಿಷದಲ್ಲಿ ಕೆಡಿಸಿದ್ದನ್ನ ಅವರು ಒಂದು ವರ್ಷ ಕೂತು ಸರಿಮಾಡಿದ್ರು. ಸ್ಟುಡಿಯೋದಲ್ಲಿ ಶಹಬ್ಬಾಸ್ ಅನ್ನಿಸಿಕೊಂಡವನು ಮಾತ್ರ ನಾನು.

ಇಂಜಿನಿಯರಿಂಗ್‌ನಲ್ಲಿ ನಮಗೆ ಒಂದು ಪಾಠ ಇತ್ತು. ಮೆಷಿನ್ ಕೆಟ್ಟ ಮೇಲೆ ರಿಪೇರಿ ಮಾಡೋದು ಒಂದು ಬಗೆ, ಕೆಡದ ಹಾಗೆ ನೋಡ್ಕೊಳ್ಳೋದು ಇನ್ನೊಂದು ಬಗೆ. ಎರಡನೇದೇ ದೊಡ್ಡದು, ಆದರೆ ಅದಕ್ಕೆ ಯಾರೂ ಚಪ್ಪಾಳೆ ಹೊಡೆಯಲ್ಲ. ಯಾಕಂದ್ರೆ ಕೆಡದೇ ಇದ್ದದ್ದು ಕಣ್ಣಿಗೆ ಕಾಣಲ್ಲ. ಆಗದೇ ಇದ್ದ ಮದುವೆ, ಹದಿನಾರಕ್ಕೆ ಹೆರಿಗೆ ಬೇನೆ ತಿನ್ನದೇ ಉಳಿದ ಹುಡುಗಿ, ಬ್ರೇಕಿಂಗ್ ನ್ಯೂಸ್ ಆಗಲ್ಲ.

ಈಗ ಸಂಬಳ. ಕೊಟ್ಟ ಮಾತು ಉಳಿಸ್ಕೋತೀನಿ.

ಕೇಂದ್ರದ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ ಜಿಲ್ಲಾ ಘಟಕದ ಸಮಾಜ ಕಾರ್ಯಕರ್ತರಿಗೆ, ಆಪ್ತಸಮಾಲೋಚಕರಿಗೆ ತಿಂಗಳಿಗೆ ಸುಮಾರು 18,500 ರೂಪಾಯಿ. ಹಳ್ಳಿ ಹಳ್ಳಿ ಸುತ್ತೋ ಕ್ಷೇತ್ರ ಕಾರ್ಯಕರ್ತರಿಗೆ ಸುಮಾರು 10,600. ಅದೂ ಗುತ್ತಿಗೆ. ಕ್ಷೇತ್ರ ಕಾರ್ಯಕರ್ತರ ಹುದ್ದೆ ಇಡೀ ಜಿಲ್ಲೆಗೆ ಎರಡು. ಓದಿ ನೋಡಿ ಯಜಮಾನರೇ, ಇಡೀ ಜಿಲ್ಲೆಗೆ ಎರಡು! ನಿಮ್ಮ ಆತಂಕ ಸುಳ್ಳಲ್ಲ. ಮಗಳು ಆರಿಸಿಕೊಂಡ ಕೆಲಸದಲ್ಲಿ ತಪ್ಪಿಲ್ಲ, ಆ ಕೆಲಸಕ್ಕೆ ನಾವು ಕಟ್ಟಿರೋ ಬೆಲೆಯಲ್ಲಿ ತಪ್ಪಿದೆ. ಮಗುವನ್ನ ಕಾಯೋರ ಕೆಲಸಕ್ಕೇ ಭದ್ರತೆ ಇಲ್ಲ ಅಂದ್ರೆ ಮಗುವಿಗೆ ಎಲ್ಲಿಂದ ಬರಬೇಕು? ಇದನ್ನ ಕೇಂದ್ರ, ರಾಜ್ಯ ಎರಡೂ ಸರ್ಕಾರಗಳಿಗೆ ಕೇಳ್ತಿದೀನಿ. ಪ್ರತಿ ವರ್ಷ ನವೆಂಬರ್ 14ಕ್ಕೆ ಭಾಷಣ ಮಾಡ್ತೀರಲ್ಲ, ಒಂದು ವರ್ಷ ಭಾಷಣ ಬಿಟ್ಟು ಇವರ ಗುತ್ತಿಗೆ ಕಾಗದ ತೆಗೆದು ನೋಡಿ.

ಆದರೆ ದಾರಿ ಇದೊಂದೇ ಅಲ್ಲ. ಶಿಶು ಅಭಿವೃದ್ಧಿ ಯೋಜನಾಧಿಕಾರಿ ಹುದ್ದೆಗೆ ಕೆಪಿಎಸ್‌ಸಿ ಪರೀಕ್ಷೆ ಇದೆ, ಅದು ಕಾಯಂ ಕೆಲಸ. ಎಂಎಸ್‌ಡಬ್ಲ್ಯೂ ನಂತರ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯ ಓದಬಹುದು. ಕಾನೂನು ಓದಿ ಪೋಕ್ಸೊ ಕೇಸುಗಳಲ್ಲಿ ಮಕ್ಕಳ ಪರ ನಿಲ್ಲಬಹುದು. ಆಸ್ಪತ್ರೆಗಳು, ಶಾಲೆಗಳು, ಸ್ವಯಂಸೇವಾ ಸಂಸ್ಥೆಗಳು ಇವೆ. ಶ್ರೀಮಂತಳಾಗ್ತಾಳೆ ಅಂತ ನಾನು ಹೇಳಲ್ಲ. ಬದುಕು ಕಟ್ಟಿಕೊಳ್ಳಬಹುದು ಅಂತ ಹೇಳ್ತೀನಿ.

ಮಗಳಿಗೂ ಒಂದು ಮಾತು. ತಂಗೀ, ಮರುಕ ಇದ್ರೆ ಸಾಲದು ಈ ಕೆಲಸಕ್ಕೆ. ಅತ್ತುಬಿಟ್ಟರೆ ವರದಿ ಬರೆಯೋರ್ಯಾರು? ಕಾನೂನು ಬಾಯಿಪಾಠ ಇರಲಿ, ವರದಿಯ ಭಾಷೆ ಸ್ಪಷ್ಟ ಇರಲಿ, ಬೈದವರ ಮನೆಗೆ ಮತ್ತೆ ಹೋಗೋ ತಾಳ್ಮೆ ಇರಲಿ. ಸೇರೋ ಮುಂಚೆ ಒಂದು ತಿಂಗಳು ಯಾವುದಾದ್ರೂ ಸಂಸ್ಥೆಯಲ್ಲಿ ಸುಮ್ಮನೆ ಕೆಲಸ ಮಾಡಿ ನೋಡು. ಆಮೇಲೂ ಇದೇ ಬೇಕು ಅನ್ನಿಸಿದ್ರೆ, ಅಪ್ಪನಿಗೆ ಅವತ್ತು ಹೇಳು.

ಯಜಮಾನರೇ, ಬುದ್ಧಿ ಹೇಳಿ ಅಂದ್ರಿ. ಹೇಳೋಕೆ ನನ್ನ ಹತ್ರ ಇದ್ದದ್ದು ಇಷ್ಟೇ. ನಾಳೆ ನಿಮ್ಮ ಪಕ್ಕದ ಊರಿನಲ್ಲಿ ಹದಿನೈದರ ಹುಡುಗಿಯೊಬ್ಬಳು ರಾತ್ರಿ ಕದ್ದು ಫೋನ್ ಹಚ್ಚಿದಾಗ, ಬೈಕ್ ಹತ್ತಿ ಬರೋಕೆ ಯಾರಾದ್ರೂ ಒಬ್ಬರು ಇರಬೇಕಲ್ಲ. ಅವರೂ ಯಾರದೋ ಮನೆಯ ಮಗಳೇ ಆಗಿರ್ತಾರೆ.

1098. ಮೊಬೈಲಿನಲ್ಲಿ ಸೇವ್ ಮಾಡ್ಕೊಳ್ಳಿ.